ಆಯಿ ಹಸರು

ಕಳೆದ ವಾರ ಚಿತ್ತಾಪುರದ ಬಜಾರಿನಲ್ಲಿ ಒಂದು ಸೀರೆ ಅಂಗಡಿ ಹೊಕ್ಕಿದ್ದೆ. ಸೇಡಂನಲ್ಲಿ ನಮ್ಮ ಅತ್ತೆಯ ಮೊಮ್ಮಗಳ ಮದುವೆ ಹತ್ತಿರ ಬಂದಿದೆ. ಅಂಗಡಿಯವನು ಗಾದಿಯ ಮೇಲೆ ಸೀರೆಗಳನ್ನು ಒಂದರ ಮೇಲೊಂದು ಬಿಡಿಸಿ ಹಾಕುತ್ತಲೇ ಇದ್ದ. ನಾನು ಬದಿಗೆ ತಳ್ಳುತ್ತಲೇ ಇದ್ದೆ. ಕೊನೆಗೆ ಅವನು ಬೇಸತ್ತು, "ಅಕ್ಕೋರ, ನಿಮಗ ಎಂಥಾ ಹಸರ ಬೇಕು ಅದನ್ನರೆ ಹೇಳ್ರಿ" ಎಂದಾಗ ಬಾಯಿ ತಪ್ಪಿ, "ಆಯಿ ಹಸರ ಅದ ಏನ್ರಿ?" ಎಂದುಬಿಟ್ಟೆ.

ಅವನು ಸ್ವಲ್ಪ ಯೋಚಿಸಿದ. "ಗಿಳಿ ಹಸರ ಅದರಿ. ಬಾಟ್ಲಿ ಹಸರ ಅದ, ಮೆಹಂದಿ ಹಸರ ಅದ. ಆಯಿ ಹಸರ ಅಂದ್ರ ಯಾವ ಕಂಪನಿದರಿ?"

"ನಮ್ಮ ಮನಿ ಕಂಪನಿದರಿ" ಎಂದು ನಕ್ಕು ಎದ್ದು ಬಂದೆ.

ಪಾಪ, ಅವನದೇನು ತಪ್ಪು? ಆ ಹೆಸರಿನ ಬಣ್ಣ ನಮ್ಮ ಮನೆಯ ಹೊರಗೆ ಎಲ್ಲಿಯೂ ಇಲ್ಲ. ಹೆಸರುಕಾಳಿನ ಸಿಪ್ಪೆಗಿಂತ ಒಂದು ಎಳೆ ಕಪ್ಪು, ತೊಗರಿ ಎಲೆಗಿಂತ ಒಂದು ಎಳೆ ಹಳದಿ. ನಮ್ಮ ಮನೆತನದ ಹೆಣ್ಣುಮಕ್ಕಳ ಮದುವೆಗೆ ಆ ಬಣ್ಣದ ಒಂದು ಸೀರೆ ಆಗಲೇಬೇಕು. ನನ್ನ ಮದುವೆಗೆ ಅದನ್ನು ಹುಡುಕಲು ನಾಗಮ್ಮ ಅತ್ತೆ ನನ್ನನ್ನು ಶಹಾಬಾದಿನ ಅಂಗಡಿ ಅಂಗಡಿಗೂ ಎಳೆದುಕೊಂಡು ಹೋಗಿದ್ದಳು. ಬಣ್ಣ ತೋರಿಸಲಿಕ್ಕೆಂದು ಸೆರಗಿನ ತುದಿಯಲ್ಲಿ ನಾಲ್ಕು ತೊಗರಿ ಎಲೆ ಕಟ್ಟಿಕೊಂಡಿದ್ದಳು. ಮೂರನೆಯ ಅಂಗಡಿಗೆ ಹೋಗುವಷ್ಟರಲ್ಲಿ ಎಲೆ ಬಾಡಿ ಬಣ್ಣ ಬದಲಾಗಿತ್ತು. ಅತ್ತೆ ಅದನ್ನೇ ಹಿಡಿದು, "ಇದಲ್ಲ, ಇದು ಮುಂಜಾನಿ ಇದ್ದಾಗಿಂದು ಬೇಕು" ಎಂದು ಅಂಗಡಿಯವನ ಜತೆ ವಾದಕ್ಕೆ ನಿಂತಿದ್ದಳು.

ನಾಗಮ್ಮ ಅತ್ತೆ ನನ್ನ ಅಪ್ಪನ ತಂಗಿ. ಆಯಿ ಎಂದರೆ ಇವರಿಬ್ಬರ ತಾಯಿ, ನನ್ನ ಅಜ್ಜಿ. ಆಯಿಯನ್ನು ನಾನು ನೋಡಿಲ್ಲ. ನೋಡಿದ ನೆನಪು ಅತ್ತೆಗೂ ಇಲ್ಲ. ಆಯಿ ತೀರಿಕೊಂಡಾಗ ಅತ್ತೆ ತೊಟ್ಟಿಲ ಕೂಸು. ಆಯಿಯದೊಂದು ಫೋಟೊ ಕೂಡ ಇಲ್ಲ. ಇರುವುದು ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಒಂದು ಚಿತ್ರ. ಆ ಚಿತ್ರದಲ್ಲಿ ಆಯಿ ಉಟ್ಟ ಸೀರೆಯ ಬಣ್ಣವೇ ಆಯಿ ಹಸರು.

ಚಿತ್ರ ಬರೆದವನು ನಾಟಕ ಕಂಪನಿಯೊಂದರ ಪರದೆ ಪೇಂಟರ್. ಕಂಪನಿ ಶಹಾಬಾದಿನಲ್ಲಿ ಕ್ಯಾಂಪ್ ಹಾಕಿದ್ದಾಗ ಅವನಿಗೆ ಜ್ವರ ಹಿಡಿಯಿತು. ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ನಮ್ಮ ಮುತ್ಯಾ, ಎಂದರೆ ಆಯಿಯ ಗಂಡ, ಅವನನ್ನು ಮನೆಗೆ ಕರೆತಂದು ಆರೈಕೆ ಮಾಡಿದನಂತೆ. ಎದ್ದು ಕೂರುವಂತಾದ ಮೇಲೆ ಆ ಪೇಂಟರ್ ತನಗೆ ಬಿಸಿರೊಟ್ಟಿ ಹಾಕಿದ ತಾಯಿಯ ಚಿತ್ರ ಬರೆದುಕೊಟ್ಟು ಹೋದ. ಆಯಿ ಕುರ್ಚಿಯ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಹೂದಾನಿ. ಹಿಂದೆ ಅರಮನೆಯ ದಪ್ಪ ಕಂಬ, ಅದಕ್ಕೆ ಇಳಿಬಿಟ್ಟ ಝಾಲರಿಯ ಪರದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಂಥ ಕಂಬವಿರಲಿಲ್ಲ, ಹೂದಾನಿಯಂತೂ ಮೊದಲೇ ಇರಲಿಲ್ಲ. ಪೇಂಟರನ ಕೈಗೆ ಅಭ್ಯಾಸವಾದದ್ದು ಅದು. ಚಿಕ್ಕವಳಿದ್ದಾಗ ನಾನು ಮಾತ್ರ ನಮ್ಮದು ಒಂದು ಕಾಲಕ್ಕೆ ಅರಮನೆ ಇದ್ದ ಮನೆತನವೆಂದೇ ತಿಳಿದು ಸಾಲೆಯಲ್ಲಿ ಗೆಳತಿಯರಿಗೆ ಹೇಳಿಕೊಂಡು ಬಂದಿದ್ದೆ.

ವಾಡಿಯ ಆ ಕ್ವಾರ್ಟರ್ಸ್ ನನಗೆ ಚೆನ್ನಾಗಿ ನೆನಪಿದೆ. ನೆಲಕ್ಕೆ ಪರಸಿಕಲ್ಲು, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಡೆದು ಬರಿಮೈಯಲ್ಲಿ ಮಲಗುವ ಸುಖ. ಕಿಟಕಿಯಾಚೆ ಹಳಿ. ಉಗಿಬಂಡಿ ನಿಂತು ಉಸಿರು ಬಿಟ್ಟರೆ ಮಸಿ ಒಳಗೆ ಬಂದು ರೊಟ್ಟಿಯ ಮೇಲೆ ಎಳ್ಳು ಉದುರಿಸಿದ ಹಾಗೆ ಕೂರುತ್ತಿತ್ತು. ಚೆನ್ನಾಗಿ ನೆನಪಿದೆ ಎಂದೆನಲ್ಲ, ಅಲ್ಲಿಯೇ ನನಗೆ ಅನುಮಾನ. ಎಳ್ಳಿನ ಮಾತು ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು. ವರ್ಷಗಳಿಂದ ಡೈರಿ ಬರೆಯುವ ಚಟ ನನಗಿದೆ. ಅದರಲ್ಲಿ ಒಂದು ಕಡೆ ಆ ಮಸಿಯನ್ನು ನಾನೇ ಬೆರಳಿನಿಂದ ಒರೆಸಿದೆನೆಂದು ಬರೆದಿದ್ದೇನೆ, ಇನ್ನೊಂದು ಕಡೆ ಅಪ್ಪ ಒರೆಸಿದರೆಂದು. ಎರಡೂ ನನ್ನದೇ ಅಕ್ಷರ. ಮುತ್ಯಾ ನಿವೃತ್ತನಾಗಿ ಕ್ವಾರ್ಟರ್ಸ್ ಬಿಟ್ಟಾಗ ನನಗೆಷ್ಟು ವಯಸ್ಸು ಎಂಬುದರ ಬಗ್ಗೆಯೂ ಮನೆಯಲ್ಲಿ ಒಮ್ಮತವಿಲ್ಲ. ಹಾಗಾಗಿ ಈ ಬರಹದಲ್ಲಿ ಹೊಗೆ ಬಂದ ಕಡೆಯೆಲ್ಲ ಅದರಲ್ಲಿ ಅರ್ಧ ಅಪ್ಪನದು ಎಂದು ತಿಳಿದು ಓದಿಕೊಳ್ಳಿ.

ಮಹಾನವಮಿಯ ನೆನಪು ಮಾತ್ರ ನನ್ನದೇ. ಆ ದಿನ ಅತ್ತೆ ಸೇಡಂನಿಂದ ತವರಿಗೆ ಬರುತ್ತಿದ್ದಳು, ಬಂದವಳೇ ಚಿತ್ರವನ್ನು ಗೋಡೆಯಿಂದ ಇಳಿಸುತ್ತಿದ್ದಳು. ಅದಕ್ಕೆ ನಮ್ಮಲ್ಲಿ 'ಅವ್ವನ ಮಾರಿ ತೊಳೆಯೋದು', ಅವ್ವನ ಮುಖ ತೊಳೆಯುವುದು, ಎಂದೇ ಹೆಸರು. ಮೆತ್ತನೆಯ ಹಳೆಯ ಧೋತರದ ತುಂಡು, ಬಟ್ಟಲಲ್ಲಿ ಗಾಣದಿಂದ ತಂದ ಕುಸುಬಿ ಎಣ್ಣೆ. ಬಟ್ಟಲು ಹಿಡಿಯುವ ಕೆಲಸ ನನ್ನದು. ಅತ್ತೆ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಹಣೆಯಿಂದ ಶುರುಮಾಡಿ ಪಾದದವರೆಗೆ ಒರೆಸುವಳು. ವರ್ಷವಿಡೀ ಮಂಕಾಗಿದ್ದ ಚಿತ್ರ ಒಮ್ಮೆಲೇ ಮಿಂಚುತ್ತಿತ್ತು. ಸೀರೆ ಮಳೆ ಬಿದ್ದ ತೊಗರಿ ಹೊಲದಂತೆ ಮೇಲೆ ಏಳುತ್ತಿತ್ತು. ಆಮೇಲೆ ಹಣೆಗೆ ಅರಿಶಿನ, ಕುಂಕುಮ. ಆಯಿ ಮುತ್ತೈದೆಯಾಗಿಯೇ ಹೋದವಳು, ಬರಿಹಣೆಯಲ್ಲಿ ಇಡುವ ಹಾಗಿರಲಿಲ್ಲ. ಮುತ್ಯಾ ಹೋದ ಮೇಲೆ ಚಿತ್ರವನ್ನು ಅತ್ತೆ ಸೇಡಂನ ತನ್ನ ಮನೆಗೆ ಒಯ್ದಳು. ಎಣ್ಣೆಯೂ ಕುಂಕುಮವೂ ಅಲ್ಲಿ ಮುಂದುವರಿದವು.

ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುವಾಗ ನಾನು ಎಣ್ಣೆಯ ಪಾಠವನ್ನು ಬಾಯಿಪಾಠ ಮಾಡಿದ್ದೆ. ಕೆಲವು ಎಣ್ಣೆಗಳು ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆಯಾಗುತ್ತವೆ. ಅಗಸೆ ಎಣ್ಣೆ ಅಂಥದು, ಕುಸುಬೆಯೂ ಅಂಥದೇ. ಚಿತ್ರಕಾರರು ಬಣ್ಣದ ಪುಡಿಯನ್ನು ಇವುಗಳಲ್ಲಿ ಕಲಸುವುದು ಅದಕ್ಕೇ. ಒಣಗಿದ ಪೊರೆ ಕಾಲ ಕಳೆದಂತೆ ಹಳದಿಯಾಗುತ್ತದೆ, ಕಂದಾಗುತ್ತದೆ, ಮೇಲೆ ಕೂತ ಮಸಿಯನ್ನು ತನ್ನೊಳಗೇ ಸೇರಿಸಿಕೊಳ್ಳುತ್ತದೆ. ಕುಂಕುಮವೆಂದರೆ ಅರಿಶಿನಕ್ಕೆ ಸುಣ್ಣ ಹಾಕಿ ಮಾಡಿದ್ದು. ಸುಣ್ಣ ಎಣ್ಣೆಗೆ ತಾಗಿದರೆ ಅದು ಸಾಬೂನಾಗಲು ಹೊರಡುತ್ತದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡು, ಮುಂದಿನ ಮಹಾನವಮಿಗೆ ಊರಿಗೆ ಬಂದು, ಅತ್ತೆಯ ಪಕ್ಕದಲ್ಲಿ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದೆ. ಓದಿದ್ದು ಒಂದು ಕೋಣೆಯಲ್ಲಿ, ಬದುಕಿದ್ದು ಇನ್ನೊಂದು ಕೋಣೆಯಲ್ಲಿ. ನಡುವೆ ಬಾಗಿಲಿದೆಯೆಂದು ನನಗೆ ತೋಚಲೇ ಇಲ್ಲ.

ಆ ಹೊತ್ತಿಗೆ ಚಿತ್ರದಲ್ಲಿ ಆಯಿಯ ಮುಖ ಚೆನ್ನಾಗಿ ಕಪ್ಪಾಗಿತ್ತು. ಅತ್ತೆಯೂ ಕಪ್ಪು. ಮುತ್ಯಾ ಕೆಂಪಗಿದ್ದ, ಅಪ್ಪ ಗೋಧಿ ಬಣ್ಣ. ಅತ್ತೆ ಮದುವೆಯಾಗಿ ಹೋದ ಸೇಡಂನ ಓಣಿಯಲ್ಲಿ ಮೊದಲೇ ಒಬ್ಬ ನಾಗಮ್ಮ ಇದ್ದುದರಿಂದ ಇವಳು 'ಕರಿ ನಾಗಮ್ಮ' ಆದಳು. ನಾದಿನಿಯರು, "ನಿನ್ನ ನಿಮ್ಮಪ್ಪ ಇಂಜನ್ನಿನಾಗಿಂದ ಎತ್ಕೊಂಡು ಬಂದಾನೇನ?" ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಅತ್ತೆ ಜಗಳಕ್ಕೆ ಹೋಗುತ್ತಿರಲಿಲ್ಲ. "ನಮ್ಮವ್ವ ಹೀಂಗೇ ಇದ್ದಳು. ಬಂದು ಚಿತ್ರ ನೋಡ್ರಿ" ಎನ್ನುತ್ತಿದ್ದಳು. ತಾಯಿಯಿಂದ ಆಕೆಗೆ ಬಂದದ್ದು ಅದೊಂದೇ. ದನಿ ಗೊತ್ತಿಲ್ಲ, ನಡಿಗೆ ಗೊತ್ತಿಲ್ಲ, ಮಡಿಲು ನೆನಪಿಲ್ಲ. ಬಣ್ಣ ಮಾತ್ರ ಗೊತ್ತು.

ಈ ವರ್ಷ ಮದುವೆಯ ಮಾತು ಶುರುವಾದಾಗ ಅತ್ತೆಯ ಮಗ ಮಲ್ಲು ಒಂದು ಯೋಜನೆ ತಂದ. ನಾನಾಗ ಸೇಡಂಗೆ ಹೋಗಿದ್ದೆ.

"ಈ ಪೋಟೋ ಪೂರಾ ಖರಾಬ ಆಗ್ಯಾದ. ಸ್ಟುಡಿಯೋದಾಗ ಕೊಟ್ರ ಕಂಪ್ಯೂಟರದಾಗ ಹಾಕಿ ದೊಡ್ಡದು ಫ್ಲೆಕ್ಸ್ ಮಾಡಿ ಕೊಡ್ತಾರ. ಮಂಟಪದ ಬಾಜೂಕ ನಿಂದ್ರಸಮು. ಮಾರಿನೂ ಜರಾ ಬೆಳ್ಳಗ ಮಾಡ್ತಾರ" ಎಂದ.

ಅತ್ತೆ ಕಾಳು ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ಯಾಕ, ನಮ್ಮವ್ವಗ ಗಂಡು ಹುಡುಕಾಕತ್ತೀಯೇನು?"

"ಹಂಗಲ್ಲಬೇ, ಛಂದ ಕಾಣಲಿ ಅಂತ."

"ಕರಿ ಇದ್ರ ಛಂದಿಲ್ಲ? ಹಂಗಾದ್ರ ಮಂಟಪದಾಗ ನನ್ನ ಎಲ್ಲಿ ಕುಂದ್ರಸ್ತಿ? ಅಡಗಿ ಮನ್ಯಾಗೇನು?"

ಮಲ್ಲು ನನ್ನ ಮುಖ ನೋಡಿದ. ತಣ್ಣಗೆ ಮಾಡಲು ನಾನೊಂದು ಮಾತು ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿ ಫರ್ಹಾನಾ ಹೈದರಾಬಾದಿನಲ್ಲಿ ಹಳೆಯ ಚಿತ್ರಗಳನ್ನು ಸ್ವಚ್ಛ ಮಾಡುವ ಕೆಲಸದಲ್ಲಿದ್ದಾಳೆ. ಈಗ ಶಹಾಬಾದಿಗೆ ತವರಿಗೆ ಬಂದಿದ್ದಾಳೆ. ಅವಳನ್ನು ಕರೆಸೋಣ, ಫ್ಲೆಕ್ಸ್ ಬೇಡ, ಇದ್ದ ಚಿತ್ರವೇ ತಿಳಿಯಾಗಲಿ. ಅತ್ತೆ ಒಪ್ಪಿದಳು. "ಅವ್ವನ ಕಣ್ಣು ನನಗ ಸರಿ ಕಾಣವಲ್ಲವು" ಎಂದಳು. ತಿಳಿಯಾಗುವುದು ಎಂದರೆ ಏನೇನು ಎಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ ಚಿತ್ತಾಪುರಕ್ಕೆ ವಾಪಸು ಬರುವಾಗ. ಆ ಕಪ್ಪಿನಲ್ಲಿ ಆಯಿಯದೆಷ್ಟು, ಎಣ್ಣೆಯದೆಷ್ಟು, ವಾಡಿಯ ಕಲ್ಲಿದ್ದಲಿನದೆಷ್ಟು? ಫೋನು ಕೈಯಲ್ಲಿತ್ತು. ಬೇಡವೆಂದು ಹೇಳಲು ಯಾವ ಕಾರಣ ಕೊಡುವುದೋ ತಿಳಿಯಲಿಲ್ಲ.

ಫರ್ಹಾನಾ ಬಂದ ದಿನ ಅತ್ತೆಯ ಮನೆಯ ಪಡಸಾಲೆಯಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಚಿತ್ರವನ್ನು ಮಲಗಿಸಿದೆವು. ಅವಳು ಕಡ್ಡಿಗಳಿಗೆ ಹತ್ತಿ ಸುತ್ತಿ ಸಾಲಾಗಿ ಇಟ್ಟಳು. ಒಂದನ್ನು ಎತ್ತಿ ನಾಲಿಗೆಗೆ ತಾಗಿಸಿಕೊಂಡು ಚಿತ್ರದ ಮೂಲೆಯ ಮೇಲೆ ಹೊರಳಿಸಲು ಬಗ್ಗಿದಳು.

"ಏ ಹುಡಿಗೀ, ಏನ್ ಮಾಡಾಕತ್ತೀ?" ಅತ್ತೆ ಅವಳ ಮಣಿಕಟ್ಟು ಹಿಡಿದಳು.

"ದಾದಿಮಾ, ಮ್ಯಾಲಿನ ಮಸಿ ತೆಗೀಲಿಕ್ಕ ಉಗುಳಿನಷ್ಟು ಛಲೋದು ಯಾವುದೂ ಇಲ್ಲರಿ. ಬಣ್ಣಕ್ಕ ಏನೂ ಆಗೂದಿಲ್ಲ. ನಾವು ದೊಡ್ಡ ದೊಡ್ಡ ಚಿತ್ರಕ್ಕೂ ಇದನ್ನೇ ಮಾಡ್ತೀವಿ."

"ನಮ್ಮವ್ವಗ ಎಂಜಲ ಹಚ್ಚತಿ?"

ಫರ್ಹಾನಾಳ ಮುಖ ಸಣ್ಣದಾಯಿತು. ಎಂಜಲು ಎನ್ನುವುದು ನಮ್ಮ ಮನೆಗಳಲ್ಲಿ ಸಣ್ಣ ಮಾತಲ್ಲ. ಅದರ ಹಿಂದೆ ಯಾರ ಎಂಜಲು ಎಂಬ ಇನ್ನೊಂದು ಮಾತು ನಿಂತಿರುತ್ತದೆ. ನಾನು ಕಿಣ್ವ ಎಂದರೇನು, ಜೊಲ್ಲಿನಲ್ಲಿ ಅದು ಏಕಿರುತ್ತದೆ ಎಂದು ಕಾಲೇಜಿನ ದನಿಯಲ್ಲಿ ಶುರುಮಾಡಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಏನನ್ನೋ ಲೆಕ್ಕ ಹಾಕುವವಳಂತೆ ಚಿತ್ರವನ್ನೇ ನೋಡುತ್ತಿದ್ದಳು.

"ಕೂಸಿನ ಮಾರಿಗಿ ಹೊಲಸಾದ್ರ ತಾಯಿ ಸೆರಗಿಗಿ ಉಗುಳು ಹಚ್ಚಿ ಒರಸ್ತಾಳ. ಹೌದಿಲ್ಲ?" ಎಂದಳು.

"ಹೌದ್ರಿ" ಎಂದಳು ಫರ್ಹಾನಾ.

"ನಮ್ಮವ್ವ ನನಗ ಒರಸಿರಬೇಕು. ಗೊತ್ತಿಲ್ಲ. ತಾ ಇಲ್ಲಿ, ಎಂಜಲ ಆಗೂದಿದ್ರ ನಂದ ಆಗ್ಲಿ."

ಹಾಗೆ ಶುರುವಾಯಿತು. ಅತ್ತೆ ಬಾಯಿ ಮುಕ್ಕಳಿಸಿ ಬಂದು ಸ್ಟೂಲಿನ ಮೇಲೆ ಕೂತಳು. ಒಂದೊಂದು ಹೊಸ ಕಡ್ಡಿಯನ್ನೂ ನಾಲಿಗೆಗೆ ಮುಟ್ಟಿಸಿ ಕೊಡುವಳು. ಫರ್ಹಾನಾ ಹೊರಳಿಸುವಳು. ಹತ್ತಿ ಕಪ್ಪಾಗಿ ಬರುವುದು. "ವಾಡಿ ಸ್ಟೇಷನ್ ಹೊಂಟಾದ ನೋಡು" ಎಂದು ಅತ್ತೆ ನಗುವಳು. ಸ್ವಲ್ಪ ಹೊತ್ತಿಗೆ ಬಾಯಿ ಒಣಗಿತು. "ಹುಣಸಿ ಹಣ್ಣು ತರ್ರೋ" ಎಂದು ಕೂಗಿದಳು. ಮಲ್ಲು ತಂದುಕೊಟ್ಟ. ಹುಣಸೆ ಬಾಯಿಗೆ ಹಾಕುವಂತಿಲ್ಲ, ಹುಳಿ ಬಣ್ಣಕ್ಕೆ ತಾಗುತ್ತದೆ ಎಂದು ಫರ್ಹಾನಾ ತಡೆದಳು. ಕೊನೆಗೆ ಅತ್ತೆ ಹುಣಸೆಹಣ್ಣನ್ನು ಎದುರಿಗೆ ಇಟ್ಟುಕೊಂಡು ನೋಡುತ್ತಲೇ ಕೂತಳು. ಅಷ್ಟು ಸಾಕಾಯಿತು.

ಮಸಿ ಹೋದ ಮೇಲೆ ಎಣ್ಣೆಯ ಪೊರೆ, ಅದರ ಕೆಳಗೆ ಪೇಂಟರ್ ಹಚ್ಚಿದ್ದ ರಾಳದ ವಾರ್ನಿಷು. ಅದಕ್ಕೆ ಉಗುಳು ಸಾಲದು. ಫರ್ಹಾನಾ ಬೇರೆ ಶೀಶೆ ತೆಗೆದಳು. ಸೆರಗಿನ ಅಂಚಿನಲ್ಲಿ ಅಂಚೆಚೀಟಿಯಷ್ಟು ಜಾಗ ಆರಿಸಿಕೊಂಡು ಮೆಲ್ಲಗೆ ಹೊರಳಿಸಿದಳು. ಹತ್ತಿಗೆ ಬೆಲ್ಲದ ಪಾಕದ ಬಣ್ಣ ಬಂತು. ಅದು ಬಂದ ಜಾಗದಲ್ಲಿ ನೀಲಿ ಎದ್ದಿತು. ದಸರೆ ಕಳೆದ ಮೇಲಿನ ಆಕಾಶದಂಥ, ಎಳ್ಳಷ್ಟೂ ಹಸಿರಿಲ್ಲದ ನೀಲಿ.

ನಾವು ನಾಲ್ವರೂ ಬಗ್ಗಿ ನೋಡಿದೆವು. ಹಳದಿ ಪೊರೆಯ ಕೆಳಗಿನ ನೀಲಿ ನಮಗೆ ಇಷ್ಟು ವರ್ಷ ಹಸಿರಾಗಿ ಕಂಡಿತ್ತು. ನಾನು ಉಟ್ಟು ಹಸೆಗೆ ಕೂತದ್ದು ವಾರ್ನಿಷಿನ ಬಣ್ಣ. ಹಾಗಾದರೆ ಆಯಿ ನೀಲಿ ಸೀರೆ ಉಡುತ್ತಿದ್ದಳೇ? ಹಾಗೂ ಹೇಳಲಾರೆ. ಪೇಂಟರನ ಡಬ್ಬಿಯಲ್ಲಿ ಪರದೆಯ ಆಕಾಶಕ್ಕೆಂದು ತಂದ ನೀಲಿ ಉಳಿದಿತ್ತೋ ಏನೋ.

"ಎಷ್ಟ ಅಂಗಡಿ ತಿರುಗ್ಯಾಡಿದೆವಲ್ಲಬೇ" ಎಂದು ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಈಗ ಮದಿವಿಗಿ ನೀಲಿ ತರೂದೋ ಹಸರ ತರೂದೋ ಅದು ಹೇಳು" ಎಂದ ಮಲ್ಲು.

"ಹಸರಽ. ನಿಮ್ಮ ಅಕ್ಕ-ತಂಗೇರು ಅದನ್ನ ಉಟ್ಕೊಂಡು ಬಾಳೇವು ಮಾಡ್ಯಾರ. ಅದೇನು ಸುಳ್ಳಲ್ಲ."

ನಾನೂ ನಗುತ್ತಿದ್ದೆ. ಆದರೆ ನನ್ನ ಕಣ್ಣು ಮುಖದ ಮೇಲಿತ್ತು. ಸೀರೆಯ ಮೇಲೆ ಇದ್ದ ಪೊರೆಯೇ ಮುಖದ ಮೇಲೂ ಇತ್ತಲ್ಲ. ಫರ್ಹಾನಾ ಕೆಲಸದ ಗತಿಯಲ್ಲಿದ್ದಳು. ತಡೆಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಗದ್ದದ ಕೆಳಗೆ, ತಾಳಿಯ ಸರದ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು ಜಾಗ ಒರೆಸಿ ಪರೀಕ್ಷೆ ಮಾಡಿಬಿಟ್ಟಿದ್ದಳು.

ಆ ಕಾಳಿನಷ್ಟು ಜಾಗ ನೆನೆಸಿದ ಗೋಧಿಯ ಬಣ್ಣಕ್ಕಿತ್ತು.

ಫರ್ಹಾನಾ ಕಡ್ಡಿ ಕೆಳಗಿಟ್ಟಳು. ಅವಳಿಗೆ ಅತ್ತೆಯ ಕಥೆ ಗೊತ್ತಿರಲಿಲ್ಲ. ಆದರೆ ನನ್ನ ಮುಖ ನೋಡಿ ಏನೋ ಆಗಿದೆಯೆಂದು ತಿಳಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

ನಾನು ಅವಸರದಿಂದ ಹೇಳಿದೆ: "ಅತ್ತಿ, ಅಂವ ನಾಟಕದ ಪೇಂಟರ. ರಾಣಿ, ಸೀತಿ, ದಮಯಂತಿ ಯಾರನ್ನ ಬರದ್ರೂ ಇದಽ ಬಣ್ಣ ಹಚ್ಚಿರತಾನ. ಆಯಿ ಹೀಂಗೇ ಇದ್ದಳು ಅಂತ ಹೇಳಲಿಕ್ಕ ಬರಂಗಿಲ್ಲ."

"ನೀ ಸುಮ್ಕಿರು. ನನಗ ಸಮಾಧಾನ ಮಾಡಬ್ಯಾಡ" ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಹೇಳಿದ್ದು ನಿಜವೇ ಇರಬಹುದು. ಸುಳ್ಳೂ ಇರಬಹುದು. ಆಯಿಯನ್ನು ಕಂಡಿದ್ದ ಅಪ್ಪನನ್ನು ಒಮ್ಮೆಯೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಗೋಡೆಯ ಮೇಲೆ ಚಿತ್ರ ಇತ್ತಲ್ಲ, ಕೇಳುವುದೇನಿದೆ ಎಂದುಕೊಂಡಿದ್ದೆ. ಅಪ್ಪನಾದರೂ ತಾಯಿಯ ಮುಖ ನೆನೆದು ಹೇಳುತ್ತಿದ್ದರೋ, ಆ ಚಿತ್ರವನ್ನೇ ನೆನೆದು ಹೇಳುತ್ತಿದ್ದರೋ.

ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು. "ಬೇಟಿ, ಸೀರಿ ಪೂರಾ ತೊಳಿ. ಆ ಕಂಬ, ಹೂವು, ಪರದಾ ಎಲ್ಲಾ ತೊಳಿ. ಮಾರಿ, ಕೈ ಅಷ್ಟ ಬಿಡು."

"ಹಂಗ ಅರ್ಧಾ ಸಾಫ್ ಅರ್ಧಾ ಮೈಲಾ ಬಿಡಬಾರದ್ರಿ ದಾದಿಮಾ. ನಮ್ಮ ಸಾಹೇಬರು ನೋಡಿದ್ರ ನನ್ನ ಮನಿಗಿ ಕಳಸ್ತಾರ."

"ಅವರಿಗಿ ಯಾಕ ತೋರಸ್ತಿ? ಇದು ಸೇಡಂದಾಗ ಇರ್ತದ."

"ಕಣ್ಣು ಸರಿ ಕಾಣವಲ್ಲವು ಅಂದಿದ್ರಂತಲ್ರಿ ದಾದಿಮಾ..."

"ಕಣ್ಣಿನ ಮ್ಯಾಲಿನ ಮಸಿ ಅಷ್ಟ ತೆಗಿ. ನನ್ನ ಉಗುಳಿಗಿ ಎಷ್ಟು ಬರ್ತದ ಅಷ್ಟು. ಆ ಶೀಶಾ ಮಾರಿ ಕಡಿ ತರಬ್ಯಾಡ." ಆಮೇಲೆ ಹೇಳಿದಳು: "ಸೀರಿ ನಮ್ಮವ್ವಂದು. ಮಾರಿ ನಂದು."

ಫರ್ಹಾನಾ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲವೆಂದಲ್ಲ. ಇದೆ, ಅದು ಆ ಶೀಶೆಯಲ್ಲಿದೆ. ಅದನ್ನು ಬಿರಡೆ ಹಾಕಿ ನಾನೇ ಕಪಾಟಿನ ಮೇಲಿಟ್ಟೆ.

ಉಳಿದದ್ದು ಆ ಅಕ್ಕಿಕಾಳು. ಕತ್ತಲಾದ ಗದ್ದದ ಕೆಳಗೆ ಅದೊಂದು ದೀಪದ ಕುಡಿಯ ಹಾಗೆ ಹೊಳೆಯುತ್ತಿತ್ತು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಫರ್ಹಾನಾ ಪೆಟ್ಟಿಗೆಯಿಂದ ನೀರುಬಣ್ಣದ ತಟ್ಟೆ ತೆಗೆದಳು. ಮುಂದೆ ಯಾರಾದರೂ ಬೇಡವೆಂದರೆ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಬಹುದಾದಂಥದು ಎಂದು, ಯಾರೂ ಕೇಳದಿದ್ದರೂ ಹೇಳಿದಳು. ಕಂದು ತೆಗೆಯಲು ಬಂದವಳು ಕಂದು ಬೆರೆಸತೊಡಗಿದಳು. ಸ್ವಲ್ಪ ಕೆಂಪು, ಸ್ವಲ್ಪ ಕಪ್ಪು, ಒಂದು ಹನಿ ಹಳದಿ. ಕುಂಚದ ತುದಿಯನ್ನು ಕಾಗದದ ಮೇಲೆ ಮುಟ್ಟಿಸಿ ನೋಡಿದಳು. ಸರಿಹೋಗಲಿಲ್ಲ. ಇನ್ನೊಮ್ಮೆ ಬೆರೆಸಿದಳು. ಈ ಸಲ ಅವಳು ಚಿತ್ರದ ಕಡೆ ನೋಡಲಿಲ್ಲ. ಮೇಜಿನ ಅಂಚಿನ ಮೇಲಿದ್ದ ಅತ್ತೆಯ ಕೈ ನೋಡಿ, ಕಾಗದ ನೋಡಿ, ಮತ್ತೆ ಕೈ ನೋಡಿದಳು.

ಅತ್ತೆಗೆ ಅದು ತಿಳಿಯಿತು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಕೈಯನ್ನು ಕಿಟಕಿಯ ಬೆಳಕಿಗೆ ಚಾಚಿ ಹಿಡಿದಳು.